ಹಳೇ ಬ್ಯಾಟರಿಯೊಳಗೊಂದು ಗಣಿ



ಗಣಿ ಎಂದ ಕೂಡಲೇ ನಮಗೆ ಕೋಲಾರವೋ ಬಳ್ಳಾರಿಯೋ ನೆನಪಾಗುತ್ತದೆ. ಆದರೆ ಹಳೇ ಬ್ಯಾಟರಿಯೂ ಒಂದು ಗಣಿಯೇ!

ಕುಶಾಲನಗರದ ರಸ್ತೆಯಲ್ಲಿ ಸದ್ದಿಲ್ಲದೆ ಓಡುವ ಎಲೆಕ್ಟ್ರಿಕ್ ಸ್ಕೂಟರುಗಳನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಚಿಕ್ಕಪ್ಪನ ಸ್ಕೂಟರು ಮೊದಲು ಒಂದೇ ಚಾರ್ಜಿಗೆ ಮಡಿಕೇರಿಗೆ ಹೋಗಿ ಬರುತ್ತಿತ್ತು. ಈಗ ಏರು ಹತ್ತಿ ಮಡಿಕೇರಿ ಮುಟ್ಟುವುದೇ ಕಷ್ಟ. ಬ್ಯಾಟರಿ ಸೊರಗಿದೆ. ಇದನ್ನು ತಗೊಳ್ತೀರಾ ಅಂತ ಗುಜರಿ ಅಂಗಡಿಯವರನ್ನು ಕೇಳಿದೆ. "ಲಾರಿ ಬ್ಯಾಟರಿ ಆದ್ರೆ ತಾ ಮಗಾ, ಸೀಸಕ್ಕೆ ದುಡ್ಡು ಸಿಗ್ತದೆ. ಇದು ಬೆಂಕಿ ಹಿಡೀತದೆ, ಬೇಡ" ಅಂದರು. ಅವರು ಹೇಳಿದ್ದು ಸರಿ. ಬೆಂಗಳೂರಿನಲ್ಲಿ 2001ರಲ್ಲಿ ಹೊರಬಂದ ರೇವಾ ಕಾರಿನಲ್ಲೂ ಮೊದಲು ಸೀಸದ ಬ್ಯಾಟರಿಯೇ ಇತ್ತು. ಈಗಿನವು ಲಿಥಿಯಂ ಅಯಾನ್ ಬ್ಯಾಟರಿಗಳು.

ಇದರೊಳಗೆ ಒಂದು ಕಡೆ ತೆಳು ಅಲ್ಯೂಮಿನಿಯಂ ಹಾಳೆ. ಅದರ ಮೇಲೆ ಲಿಥಿಯಂ, ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಕಪ್ಪು ಪುಡಿಯ ಲೇಪ. ಇನ್ನೊಂದು ಕಡೆ ತಾಮ್ರದ ಹಾಳೆ, ಅದಕ್ಕೆ ಗ್ರಾಫೈಟ್ ಲೇಪ. ನಮ್ಮ ಪೆನ್ಸಿಲ್ ಕಡ್ಡಿಯಲ್ಲಿರುವುದೂ ಗ್ರಾಫೈಟೇ. ಬ್ಯಾಟರಿ ಸೊರಗಿದರೂ ಲೋಹ ಕರಗಿ ಹೋಗುವುದಿಲ್ಲ. ಬಳೆ ಮುರಿದರೂ ಚಿನ್ನ ಚಿನ್ನವೇ ಅಲ್ಲವೇ?

ಕೋಬಾಲ್ಟ್ ಹೆಚ್ಚಾಗಿ ಬರುವುದು ಆಫ್ರಿಕಾದ ಕಾಂಗೋ ದೇಶದಿಂದ. ಲಿಥಿಯಂ ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಇದೆಯಂತೆ ಎಂದು ದೊಡ್ಡ ಸುದ್ದಿಯಾಗಿತ್ತು. 2021ರಲ್ಲಿ ಸರ್ಕಾರ ಹೇಳಿದ ಅಂದಾಜು 1,600 ಟನ್ ಮಾತ್ರ.

ಲೋಹ ತೆಗೆಯುವುದು ಹೀಗೆ. ಮೊದಲು ಬ್ಯಾಟರಿಯಲ್ಲಿ ಉಳಿದ ವಿದ್ಯುತ್ತನ್ನೆಲ್ಲ ಖಾಲಿ ಮಾಡಬೇಕು. ಇಲ್ಲದಿದ್ದರೆ ಬೆಂಕಿ! ಆಮೇಲೆ ಯಂತ್ರದಲ್ಲಿ ಚೂರು ಮಾಡಿ ಜರಡಿ ಹಿಡಿದರೆ ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬೇರೆಯಾಗಿ ಕಪ್ಪು ಪುಡಿ ಉಳಿಯುತ್ತದೆ. ಅದನ್ನು ಗಂಧಕಾಮ್ಲದಲ್ಲಿ ಕರಗಿಸಿ ಒಂದೊಂದೇ ಲೋಹವನ್ನು ಲವಣದ ರೂಪದಲ್ಲಿ ಬೇರ್ಪಡಿಸುತ್ತಾರೆ.

ಬೆಂಗಳೂರಿನ ಮೆಟಾಸ್ಟೇಬಲ್ ಮೆಟೀರಿಯಲ್ಸ್ ಎಂಬ ಕಂಪನಿಯವರ ದಾರಿ ಬೇರೆ. ಅವರು ಬ್ಯಾಟರಿಯನ್ನು ಅದಿರಿನ ಹಾಗೆ ನೋಡಿ, ಇಂಗಾಲದ ಜೊತೆ ಕಾಯಿಸುತ್ತಾರೆ. ಇಂಗಾಲವು ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಲೋಹ ಬಿಡುಗಡೆಯಾಗುತ್ತದೆ. 1923ರಲ್ಲಿ ಭದ್ರಾವತಿ ಕಾರ್ಖಾನೆ ಶುರುವಾದಾಗ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ತೆಗೆದದ್ದೂ ಇದೇ ತತ್ವದಿಂದ. ನನಗೆ ಇದೇ ಬಹಳ ಇಷ್ಟವಾಯಿತು.

ಒಂದು ತೊಡಕಿದೆ. ಕೆಲವು ಬ್ಯಾಟರಿಗಳಲ್ಲಿ ಕೋಬಾಲ್ಟ್, ನಿಕ್ಕಲ್ ಇರುವುದಿಲ್ಲ, ಬದಲಿಗೆ ಕಬ್ಬಿಣ ಮತ್ತು ರಂಜಕ ಇರುತ್ತದೆ. ಅದನ್ನು ಬಿಚ್ಚಿದರೆ ಸಿಗುವ ಲಾಭ ಕಡಿಮೆ. ಲಾಭ ಇಲ್ಲದಿದ್ದರೆ ಯಾರು ತಗೊಳ್ತಾರೆ? ಅದಕ್ಕೇ ಕೇಂದ್ರ ಸರ್ಕಾರ 2022ರ ಆಗಸ್ಟಿನಲ್ಲಿ ನಿಯಮ ತಂದಿತು. ಬ್ಯಾಟರಿ ಮಾಡಿ ಮಾರುವವರೇ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕು. ಆದರೂ ಚಿಕ್ಕಪ್ಪ ಅಂಗಡಿಯಲ್ಲಿ ಕೇಳಿದಾಗ "ಆಮೇಲೆ ಬನ್ನಿ" ಅಂತ ಎರಡು ಸಲ ಕಳಿಸಿದರು. ನಿಯಮ ಇರುವುದು ಅಂಗಡಿಯವರಿಗೆ ಗೊತ್ತೋ ಇಲ್ಲವೋ!

2018 ಮತ್ತು 2019ರ ಮಳೆಗಾಲದಲ್ಲಿ ಕಾವೇರಿ ನಮ್ಮೂರ ಬಡಾವಣೆಗಳಿಗೇ ನುಗ್ಗಿತ್ತು. ಹೊಳೆ ಬದಿಗೆ ಎಸೆದದ್ದೆಲ್ಲ ಅದೇ ನೀರಿಗೆ ಸೇರುತ್ತದೆ. ಕೆಳಗೆ ಮೈಸೂರು, ಬೆಂಗಳೂರಿನವರು ಕುಡಿಯುವುದೂ ಅದೇ ನೀರು.

ನಿಮ್ಮ ಮನೆಯ ಹಳೇ ಮೊಬೈಲ್ ಬ್ಯಾಟರಿ ತೆಗೆದು ನೋಡಿ. ಚಕ್ರವಿರುವ ಕಸದ ಡಬ್ಬಿಗೆ ಅಡ್ಡಗೆರೆ ಹೊಡೆದ ಚಿತ್ರ ಇರಬಹುದು. ಕಸಕ್ಕೆ ಹಾಕಬಾರದು ಅಂತ ಅರ್ಥ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒಲೆಗೆ ಹಾಕಬೇಡಿ. ಹುಲ್ಲು, ಕಟ್ಟಿಗೆಯಿಂದ ದೂರ, ಒಣಗಿದ ಜಾಗದಲ್ಲಿಟ್ಟು ದೊಡ್ಡವರಿಗೆ ಹೇಳಿ.