ಒಂದನೆಯ ಬಲ್ಲಾಳನ ಚಾರಿತ್ರಿಕ ಸ್ಥಾನ

ಹೊಯ್ಸಳರೆಂದೊಡನೆ ವಿಷ್ಣುವರ್ಧನ ಮತ್ತು ವೀರಬಲ್ಲಾಳರ ಹೆಸರುಗಳು ಸ್ಮರಣೆಗೆ ಬರುವುವು. ಇವರಿಬ್ಬರಿಗಿಂತ ಮೊದಲು, ಸುಮಾರು 1102ರಿಂದ 1108ರವರೆಗೆ ಆಳಿದ ಒಂದನೆಯ ಬಲ್ಲಾಳನಿಗೆ ಪಾಠಪುಸ್ತಕಗಳಲ್ಲಿ ಒಂದು ವಾಕ್ಯ ದೊರೆತರೆ ಹೆಚ್ಚು. ಆಳ್ವಿಕೆ ಕಿರಿದಾದ ಮಾತ್ರಕ್ಕೆ ಅರಸನೂ ಕಿರಿಯನೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬಲ್ಲಾಳನು ಎರೆಯಂಗ ಮತ್ತು ಏಚಲದೇವಿಯರ ಜ್ಯೇಷ್ಠಪುತ್ರ. ಬಿಟ್ಟಿದೇವ ಮತ್ತು ಉದಯಾದಿತ್ಯರು ಆತನ ತಮ್ಮಂದಿರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸಾಮಂತನಾಗಿ ಆತನು ಪಟ್ಟವೇರಿದನು. 1104ರಲ್ಲಿ ಚೆಂಗಾಳ್ವರ ಮೇಲೆ ದಂಡೆತ್ತಿ ನಡೆದನು. ಮಾಳವದ ಪರಮಾರ ವಂಶದ ಜಗದ್ದೇವನು ದೋರಸಮುದ್ರದ ಮೇಲೆರಗಿದಾಗ ಅಣ್ಣತಮ್ಮಂದಿರು ಒಂದಾಗಿ ನಿಂತು ಆ ಸೇನೆಯನ್ನು ಹಿಮ್ಮೆಟ್ಟಿಸಿದರು. ಬಹುಕಾಲಾನಂತರದ ಶ್ರವಣಬೆಳಗೊಳದ ಶಾಸನಗಳು, ಮರಣಾಸನ್ನನಾಗಿದ್ದ ಬಲ್ಲಾಳನನ್ನು ಚಾರುಕೀರ್ತಿ ಮುನಿಗಳು ಗುಣಪಡಿಸಿದರೆಂದು ಹೇಳುತ್ತವೆ.

ಈ ಅರಸನನ್ನು ಕುರಿತ ಅತ್ಯಂತ ಹೃದ್ಯವಾದ ಸಂಗತಿಯು ನಮ್ಮ ಸೀಮೆಯ ಕಲ್ಲಿನಲ್ಲಿಯೇ ಉಳಿದಿದೆ. ಹಿಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿರುವ ಸಿಂದಿಗೆರೆಯ ಶಾಸನದಂತೆ, ಮರಿಯಾನೆ ದಂಡನಾಯಕನ ಮೂವರು ಪುತ್ರಿಯರನ್ನು ಬಲ್ಲಾಳನು ಶಕವರ್ಷ 1025ರಲ್ಲಿ, ಅಂದರೆ 1103ರಲ್ಲಿ, ಒಂದೇ ಹಸೆಯಲ್ಲಿ ವರಿಸಿದನು; ಅವರನ್ನು ಹಾಲೂಡಿ ಬೆಳೆಸಿದ ಋಣಕ್ಕಾಗಿ ಸಿಂದಿಗೆರೆಯ ಪ್ರಭುತ್ವವನ್ನು ಆ ದಂಡನಾಯಕನಿಗೆ ಎರಡನೆಯ ಬಾರಿಗೆ ದಯಪಾಲಿಸಿದನು. ಇದು ಕೇವಲ ವಿವಾಹವಾರ್ತೆಯಲ್ಲ. ಬೆಳೆಯುತ್ತಿದ್ದ ರಾಜ್ಯವೊಂದು ಪ್ರಬಲ ದಂಡನಾಯಕ ಮನೆತನವನ್ನು ಬಾಂಧವ್ಯದಿಂದ ತನ್ನೊಡನೆ ಬಿಗಿದುಕೊಂಡ ರಾಜನೀತಿಯೂ ಇಲ್ಲಿ ವ್ಯಕ್ತವಾಗುತ್ತದೆ.

ರೋಮ್ ಸಾಮ್ರಾಜ್ಯದಲ್ಲಿ ಇದಕ್ಕೆ ಸಮೀಪವಾದ ನಿದರ್ಶನವುಂಟು. ಚಕ್ರವರ್ತಿ ಟೈಟಸನು ಕ್ರಿ.ಶ. 79ರಿಂದ 81ರವರೆಗೆ ಮಾತ್ರ ಆಳಿ ಮಡಿದನು. ತಮ್ಮ ಡೊಮಿಷಿಯನನು ಪಟ್ಟಕ್ಕೆ ಬಂದನು. ತಮ್ಮನ ಕಠೋರ ಆಳ್ವಿಕೆಯಿಂದಾಗಿ ಅಣ್ಣನ ಎರಡು ವರ್ಷಗಳು ಜನರ ನೆನಪಿನಲ್ಲಿ ಮತ್ತಷ್ಟು ಉಜ್ವಲವಾದುವು. ಬಲ್ಲಾಳನ ವಿಷಯದಲ್ಲಿ ನಡೆದುದು ಇದಕ್ಕೆ ವಿಪರೀತ. ಆತನ ಅನಂತರ ಬಂದ ಬಿಟ್ಟಿದೇವನೇ ವಿಷ್ಣುವರ್ಧನ. 1116ರ ತಲಕಾಡಿನ ವಿಜಯ, 1117ರ ಬೇಲೂರು ದೇವಾಲಯದ ಪ್ರತಿಷ್ಠೆ, ಇವುಗಳ ಪ್ರಭೆಯಲ್ಲಿ ಅಣ್ಣನ ಹೆಸರು ಮಸುಕಾಯಿತು. ಹೀಗೆ ಅಲ್ಪಕಾಲ ಆಳಿದವರ ಕೀರ್ತಿಯು ಬಹುಮಟ್ಟಿಗೆ ಅವರ ಉತ್ತರಾಧಿಕಾರಿಗಳನ್ನು ಅವಲಂಬಿಸಿರುತ್ತದೆ.

ಬಲ್ಲಾಳನು ಸ್ವತಂತ್ರ ಚಕ್ರವರ್ತಿಯಾಗಲಿಲ್ಲ. ಮಹಾದೇವಾಲಯವನ್ನು ಕಟ್ಟಿಸಿದ ಖ್ಯಾತಿಯೂ ಆತನದಲ್ಲ. ಆದರೆ ತಂದೆಯಿಂದ ಬಂದ ರಾಜ್ಯವನ್ನು ಕುಂದಿಲ್ಲದೆ ಕಾಯ್ದು ತಮ್ಮನಿಗೆ ಉಳಿಸಿದನು. ದಾಯಾದಿ ಕಲಹವು ಅರಸುಮನೆಗಳನ್ನು ಸುಡುತ್ತಿದ್ದ ಕಾಲದಲ್ಲಿ ಸೋದರರೊಡನೆ ನಿಂತು ಹೋರಾಡಿದುದು ಸಾಮಾನ್ಯ ಗುಣವಲ್ಲ. ವಿಷ್ಣುವರ್ಧನನ ದಿಗ್ವಿಜಯಕ್ಕೆ ನೆಲೆಯಾದುದು ಈ ಭದ್ರತೆಯೇ. ಆತನ ಹೆಸರನ್ನು ಮುಂದೆ ವಿಷ್ಣುವರ್ಧನನ ಮೊಮ್ಮಗ ವೀರಬಲ್ಲಾಳನು ಧರಿಸಿದನು. ಆ ವೀರಬಲ್ಲಾಳನ ಕಾಲದಲ್ಲಿಯೇ, 1196ರಲ್ಲಿ, ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವು ನಿರ್ಮಾಣವಾಯಿತು.

ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಗಳಲ್ಲಿ ಇತಿಹಾಸವನ್ನು ಬೋಧಿಸುವವರು ವಿದ್ಯಾರ್ಥಿಗಳನ್ನು ಅಮೃತಾಪುರಕ್ಕೆ ಕರೆದೊಯ್ಯುವುದುಂಟು. ಅಂತೆಯೇ ಸಿಂದಿಗೆರೆಯ ಶಾಸನವನ್ನೂ ಓದಿಸಿದರೆ, ದೇಗುಲವನ್ನು ಕಟ್ಟಿದವರೊಡನೆ ನಾಡನ್ನು ಕಾಯ್ದವರೂ ಗೌರವಕ್ಕೆ ಅರ್ಹರೆಂಬುದು ಎಳೆಯರಿಗೆ ಮನವರಿಕೆಯಾದೀತು.