ಅಳಿಯನ ಗಿಟಾರಿಗೆ ಮಾವನ ಕಿವಿಮಾತು

ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಹೋಗಿದ್ದಾಗ ಅಳಿಯ ನನ್ನನ್ನು ಟೆರೇಸಿಗೆ ಕರೆದೊಯ್ದು ಗುಟ್ಟಾಗಿ ಕೇಳಿದ: "ಮಾವ, ಎಲೆಕ್ಟ್ರಿಕ್ ಗಿಟಾರ್ ತಗೋಬೇಕು. ಕೈಯಲ್ಲಿ 30,000 ಇದೆ. ಲಕ್ಷದ ಕೆಳಗಿನದ್ದೆಲ್ಲ ಆಟದ ಸಾಮಾನು ಅಂತಾರೆ ಹಾಸ್ಟೆಲ್ಲಿನವರು. ಹೌದಾ?"

ಇಪ್ಪತ್ತಾರು ವರ್ಷ ಶಿವಮೊಗ್ಗ, ದಾವಣಗೆರೆ, ಹಾಸನದ ಕಡೆ ರಸಮಂಜರಿಗಳಲ್ಲಿ ಗಿಟಾರ್ ನುಡಿಸಿದವನು ನಾನು. ಈಗ ಮನೆಯ ಹಿಂದಿನ ಕೋಣೆಯಲ್ಲಿ ರಿಪೇರಿ ಮಾಡಿಕೊಂಡಿದ್ದೇನೆ. ಹಾಗೆ ನೋಡಿದರೆ ನಾನು ಅಷ್ಟು ವರ್ಷ ಹೊಟ್ಟೆ ಹೊರೆದದ್ದೇ ಆಟದ ಸಾಮಾನಿನಿಂದ. ಉತ್ತರ ಕೊಡುವಷ್ಟರಲ್ಲಿ ಊಟಕ್ಕೆ ಕರೆದರು. ಎಲೆ ಮುಂದೆ ಕೂತು ಹೇಳುವ ಮಾತಲ್ಲ ಇದು, ಅವನ ಅಪ್ಪನೂ ಪಕ್ಕದಲ್ಲೇ ಇದ್ದರು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

• ವೀಣೆಯ ಲೆಕ್ಕ ಇಲ್ಲಿ ಹಾಕಬೇಡ. ನಿನ್ನಜ್ಜಿಯ ವೀಣೆ ಹಲಸಿನ ಮರದ್ದು. ಕೊಡವನ್ನು ಎಷ್ಟು ತೆಳ್ಳಗೆ ಕೊರೆದಿದ್ದಾರೆ, ಮೇಣದ ಮೇಲೆ ಮೇಳ ಹೇಗೆ ಕಟ್ಟಿದ್ದಾರೆ ಎನ್ನುವುದರಲ್ಲೇ ಅದರ ನಾದ ಇದೆ. ಅಲ್ಲಿ ಕೆಲಸಗಾರನ ಕೈ ಸಾಧಾರಣವಾದರೆ ವಾದ್ಯವೂ ಸಾಧಾರಣ. ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ ಮನೆಯೇ ಬೇರೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಹಲಗೆಯಂಥ ಗಟ್ಟಿ ಮೈ, ಅದಕ್ಕೆ ಸ್ಕ್ರೂ ಹಾಕಿ ಬಿಗಿದ ನೆಕ್, ಕೆಟ್ಟ ಭಾಗವನ್ನು ಬಿಚ್ಚಿ ಬದಲಿಸುವ ಅನುಕೂಲ. 1950ರ ಸುಮಾರಿಗೆ ಟೆಲಿಕ್ಯಾಸ್ಟರ್, 1954ರಲ್ಲಿ ಸ್ಟ್ರ್ಯಾಟೊಕ್ಯಾಸ್ಟರ್ ಬಂದದ್ದು ಹೀಗೆ. ಕಾರ್ಖಾನೆಯಿಂದ ಸಾಲಾಗಿ ಇಳಿದು ಬರಲಿ ಎಂದೇ ರೂಪಿಸಿದ ವಾದ್ಯ. ಅಂಥದ್ದನ್ನು ಕಡಿಮೆ ಖರ್ಚಿನಲ್ಲಿ ಮಾಡಿದರೆ ಮೂಲಕ್ಕೆ ಸಾಕಷ್ಟು ಹತ್ತಿರ ಬರುವುದರಲ್ಲಿ ಆಶ್ಚರ್ಯ ಏನಿದೆ?

• ಗಿಟಾರಿನ ತಲೆಯ ಮೇಲಿನ ಹೆಸರನ್ನು ಕೊನೆಗೆ ಓದು. ಸ್ಕ್ವೈಯರ್ ಎಂದರೆ ನಿನ್ನ ಗೆಳೆಯರು ಮೂಗು ಮುರಿಯುತ್ತಾರಲ್ಲ, ಅದು ಮೊದಲು ತಂತಿ ಮಾಡುವ ಕಂಪನಿ. ಫೆಂಡರ್ ಅದನ್ನು 1965ರಲ್ಲಿ ಕೊಂಡುಕೊಂಡಿತು. ಎಪ್ಪತ್ತರ ದಶಕದಲ್ಲಿ ಜಪಾನಿನವರು ಅಮೆರಿಕದ ಗಿಟಾರುಗಳನ್ನು ನೋಡಿ ನೋಡಿ ಅಷ್ಟೇ ಚೆನ್ನಾಗಿ, ಅರ್ಧ ಬೆಲೆಗೆ ಮಾಡತೊಡಗಿದಾಗ ಫೆಂಡರ್‌ನವರು ಜಪಾನಿನಲ್ಲೇ ಗಿಟಾರ್ ಮಾಡಿಸಿ 1982ರಲ್ಲಿ ಈ ಹಳೇ ಹೆಸರನ್ನು ಅದರ ಮೇಲೆ ಹಚ್ಚಿದರು. ಆ ಮೊದಲ ವರ್ಷಗಳ ಸ್ಕ್ವೈಯರ್‌ಗಳಿಗೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ. ಈಗಿನ ಕಥೆ ಇನ್ನೂ ತಮಾಷೆ: ಇಂಡೋನೇಷ್ಯಾದಲ್ಲಿ ಕೋರ್ಟ್ ಕಂಪನಿಯ ಕಾರ್ಖಾನೆ ತನ್ನ ಹೆಸರಿನ ಗಿಟಾರುಗಳ ಜೊತೆ ಬೇರೆ ದೊಡ್ಡ ಹೆಸರುಗಳ ಗಿಟಾರುಗಳನ್ನೂ ಮಾಡಿಕೊಡುತ್ತದೆ. ಒಂದೇ ಮಗ್ಗದ ಸೀರೆಗೆ ಎರಡು ಅಂಗಡಿಯ ಚೀಟಿ.

• ಹಾಗಾದರೆ ಅಗ್ಗದ್ದರಲ್ಲಿ ಏನು ಕಡಿಮೆ? ಇದನ್ನು ಸರಿಯಾಗಿ ತಿಳಿದುಕೋ, ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ. ಮೈ ಕತ್ತರಿಸುವುದು, ನೆಕ್ ಕೂರುವ ಕುಳಿ ಕೊರೆಯುವುದು, ಫ್ರೆಟ್‌ಗೆ ಗೀರು ಹಾಕುವುದು ಎಲ್ಲವನ್ನೂ ಈಗ ಕಂಪ್ಯೂಟರ್ ನಡೆಸುವ ಯಂತ್ರ ಮಾಡುತ್ತದೆ. ಅದಕ್ಕೆ ಹದಿನೈದು ಸಾವಿರದ್ದು, ಎರಡು ಲಕ್ಷದ್ದು ಎಂಬ ಭೇದ ಗೊತ್ತಿಲ್ಲ. ಯಂತ್ರ ಕೈಬಿಟ್ಟ ಮೇಲಿನ ಕೆಲಸ ಇದೆ ನೋಡು: ಫ್ರೆಟ್ಟಿನ ತುದಿಗಳನ್ನು ಅರದಿಂದ ಉಜ್ಜಿ ದುಂಡು ಮಾಡುವುದು, ನಟ್ಟಿನ ಗೀರುಗಳನ್ನು ಒಂದೊಂದು ತಂತಿಗೂ ಅಳೆದು ಇಳಿಸುವುದು, ತಂತಿ ಹಾಕಿ ನೆಕ್‌ನ ಬಾಗು ನೋಡುವುದು. ದುಬಾರಿ ಗಿಟಾರಿನಲ್ಲಿ ಇದಕ್ಕೆ ಒಬ್ಬ ಮನುಷ್ಯ ಗಂಟೆಗಟ್ಟಲೆ ಕೂರುತ್ತಾನೆ. ಅಗ್ಗದ್ದರಲ್ಲಿ ಕೆಲವೇ ನಿಮಿಷ. ಆ ಉಳಿದ ಗಂಟೆಗಳನ್ನು ನೀನು ನಿಮ್ಮೂರಿನಲ್ಲೇ ಕೊಂಡುಕೊಳ್ಳಬಹುದು. ಒಳ್ಳೆಯ ರಿಪೇರಿಯವನು ಸೆಟಪ್ಪಿಗೆ ಒಂದೆರಡು ಸಾವಿರ ಕೇಳಿಯಾನು. ಚೌಕಾಸಿ ಮಾಡದೆ ಕೊಡು. (ನನಗೆ ಕೊಡಬೇಕಾಗಿಲ್ಲ, ನಿಮ್ಮಮ್ಮನ ಕೈಯ ಹೋಳಿಗೆ ಸಾಕು.)

• ಅಂಗಡಿಯಲ್ಲಿ ನುಡಿಸುವ ಮೊದಲು ಮುಟ್ಟು. ನೆಕ್‌ನ ಎರಡೂ ಅಂಚಿನ ಮೇಲೆ ಅಂಗೈಯನ್ನು ಮೇಲಿಂದ ಕೆಳಗೆ ಜಾರಿಸು. ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಫ್ರೆಟ್ ತುದಿ ಉಜ್ಜಿಲ್ಲ ಎಂದರ್ಥ. ಸ್ವಲ್ಪ ಚುಚ್ಚಿದರೆ ಪರವಾಗಿಲ್ಲ, ಅದು ಒಂದು ಗಂಟೆಯ ಕೆಲಸ. ಆಮೇಲೆ ಗಿಟಾರನ್ನು ಬಂದೂಕಿನ ಹಾಗೆ ಹಿಡಿದು ನೆಕ್‌ನುದ್ದಕ್ಕೂ ಕಣ್ಣು ಹಾಯಿಸು. ಮುಂದಕ್ಕೆ ಒಂದಿಷ್ಟು ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದ್ದರೆ ಅಲ್ಲೇ ಕೆಳಗಿಟ್ಟು ಬಾ. ಅದಕ್ಕೆ ಮದ್ದಿಲ್ಲ.

• ಆಮೇಲೆ ಆರು ತಂತಿಯ ಮೇಲೂ ಒಂದೊಂದೇ ಫ್ರೆಟ್ ಒತ್ತಿ ಮೀಟು. ಅಂಗಡಿಯವನು ಮುಖ ಗಂಟಿಕ್ಕಿದರೂ ಮೀಟು. ಎಲ್ಲ ಕಡೆ ಸ್ವಲ್ಪ ಝರ್ ಎಂದರೆ ಸೆಟಪ್ಪಿನಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ಸ್ವರ ಸತ್ತರೆ ಅದರ ಮುಂದಿನ ಫ್ರೆಟ್ ಎದ್ದಿದೆ, ಇನ್ನೊಂದು ಗಿಟಾರ್ ತರಿಸು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬೆರಳಿನಿಂದ ಸವರಿದಂತೆ ಮುಟ್ಟಿ ಮೀಟಿದಾಗ ಬರುವ ಗಂಟೆಯಂಥ ನಾದವೂ ಅಲ್ಲೇ ಒತ್ತಿ ಮೀಟಿದ ಸ್ವರವೂ ಒಂದೇ ಶ್ರುತಿಯಲ್ಲಿರಬೇಕು. ಇಲ್ಲದಿದ್ದರೆ ಬ್ರಿಡ್ಜಿನಲ್ಲಿ ತಂತಿ ಕೂರುವ ತುಂಡನ್ನು ಹಿಂದೆ ಮುಂದೆ ಮಾಡಿಸಬೇಕು. ಕಷ್ಟದ ಕೆಲಸವಲ್ಲ, ಮಾಡಲು ಜಾಗ ಉಳಿದಿದೆಯೇ ಅಷ್ಟು ನೋಡಿಕೋ. ಕೇಬಲ್ ಸಿಕ್ಕಿಸಿ ಅಲುಗಿಸು, ವಾಲ್ಯೂಮ್ ತಿರುಗಿಸು. ಒಂದೇ ಮಾಡೆಲಿನ ಮೂರು ಗಿಟಾರ್ ತರಿಸಿದರೆ ಮೂರೂ ಮೂರು ತರ ಇರುತ್ತವೆ. ಅಗ್ಗದ್ದರಲ್ಲಿ ಈ ವ್ಯತ್ಯಾಸ ಹೆಚ್ಚು. ಅದಕ್ಕೇ ಫೋನಿನಲ್ಲಿ ಫೋಟೊ ನೋಡಿ ತರಿಸಬೇಡ ಎನ್ನುವುದು.

• ಮರದ ಪುರಾಣಕ್ಕೆ ಮರುಳಾಗಬೇಡ. ಉಕ್ಕಿನ ತಂತಿ ಪಿಕಪ್ಪಿನ ಅಯಸ್ಕಾಂತದ ಮೇಲೆ ಅಲುಗುತ್ತದೆ, ಆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ತಾಮ್ರದ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ, ಸ್ಪೀಕರ್ ಅದನ್ನು ಕೂಗುತ್ತದೆ. ಇದರಲ್ಲಿ ಮರದ ಪಾಲು ಎಷ್ಟು ಎಂದು ಜನ ಇನ್ನೂ ಜಗಳವಾಡುತ್ತಿದ್ದಾರೆ, ಆಡಲಿ. ಅಮೆರಿಕದ ಡ್ಯಾನೆಲೆಕ್ಟ್ರೋ ಕಂಪನಿ ಐವತ್ತರ ದಶಕದಲ್ಲಿ ಮ್ಯಾಸೊನೈಟ್ ಎಂಬ ಒತ್ತಿದ ಹಲಗೆಯಲ್ಲಿ ಗಿಟಾರ್ ಮಾಡಿ ಮಾರಿತು. ಬಡಗಿಗಳು ಹಾರ್ಡ್‌ಬೋರ್ಡ್ ಎನ್ನುವ ಸರಕು ಅದೇ. ಲೆಡ್ ಜೆಪೆಲಿನ್‌ನ ಜಿಮ್ಮಿ ಪೇಜ್ ಅದನ್ನು ವೇದಿಕೆಗೇ ಒಯ್ದ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ಅಪ್ಪನ ಜೊತೆ ಕೂತು ಮನೆಯಲ್ಲೇ ಗಿಟಾರ್ ಮಾಡಲು ಶುರುಮಾಡಿದ. ನೆಕ್‌ಗೆ ಹಳೇ ಅಗ್ಗಿಷ್ಟಿಕೆಯ ಮರ, ಟ್ರೆಮೊಲೊಗೆ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗ್. ಆಮೇಲೆ ಹೆಚ್ಚಾಗಿ ಅದರಲ್ಲೇ ನುಡಿಸುತ್ತ ಬಂದ.

• ಮರದ ಮಾತು ಬಂತು, ಒಂದು ನಮ್ಮೂರ ಸಂಗತಿ. ಹಳೇ ಗಿಟಾರುಗಳ ಬೆರಳಹಲಗೆಗೆ ರೋಸ್‌ವುಡ್ ಬೇಕು ಎನ್ನುತ್ತಾರಲ್ಲ, ಭಾರತದ ರೋಸ್‌ವುಡ್ ಎಂದರೆ ನಮ್ಮ ಘಟ್ಟದ ಬೀಟೆ. 2017ರ ಜನವರಿಯಿಂದ ಬೀಟೆಯ ಜಾತಿಯ ಮರಗಳೆಲ್ಲ ದೇಶದಿಂದ ದೇಶಕ್ಕೆ ಸಾಗಬೇಕಾದರೆ ಪರವಾನಗಿ ಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ತಯಾರಾದ ವಾದ್ಯಗಳಿಗೆ ರಿಯಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಆ ಹೊತ್ತಿಗೆ ಅಗ್ಗದ ಗಿಟಾರುಗಳು ಬೇರೆ ಮರಕ್ಕೆ ಹೋಗಿದ್ದವು. ಸ್ಕ್ವೈಯರ್‌ನವರು 'ಇಂಡಿಯನ್ ಲಾರೆಲ್' ಹಾಕಿದರು. ಅದೇನು ಮಹಾ ಮರವೋ ಎಂದು ಹುಡುಕಿದರೆ, ನಮ್ಮ ಮತ್ತಿ! ಮೊಸಳೆ ಚರ್ಮದಂಥ ತೊಗಟೆಯ ಕರಿಮತ್ತಿ. ತೀರ್ಥಹಳ್ಳಿಯ ನಮ್ಮ ಅಜ್ಜನ ಮನೆಯ ತೊಲೆಗಳೆಲ್ಲ ಅದರದ್ದೇ. ಮಲೆನಾಡಿನ ಮಳೆಗೆ ತೊಲೆಯಾಗಿ ನಿಂತ ಮರ ನಿನ್ನ ಬೆರಳಿಗೆ ಬಗ್ಗಿತೇ? ಒಣಗಿ ಬೆಳ್ಳಗಾದಂತೆ ಕಂಡರೆ ವರ್ಷಕ್ಕೆ ಒಂದೆರಡು ಸಲ ಲಿಂಬೆ ಎಣ್ಣೆಯ ಹೆಸರಿನಲ್ಲಿ ಗಿಟಾರ್ ಅಂಗಡಿಯವರು ಮಾರುವ ಎಣ್ಣೆ ಒಂದೆರಡು ಹನಿ ಸವರಿ ಒರೆಸು. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಕೊಳೆ ಹಿಡಿಯುತ್ತದೆ.

• ಅಲುಗಾಡುವ ಬ್ರಿಡ್ಜ್ ಬೇಡ. ಮೊದಲ ಗಿಟಾರಿಗೆ ಅಲುಗದ ಬ್ರಿಡ್ಜೇ ಸರಿ. ಅದರಲ್ಲೂ ಬೀಗ ಹಾಕುವ ಫ್ಲಾಯ್ಡ್ ರೋಸ್ ನಮೂನೆಯದ್ದು ಅಗ್ಗದ ಗಿಟಾರಿನಲ್ಲಿದ್ದರೆ ನುಡಿಸುವ ಹೊತ್ತಿಗಿಂತ ಶ್ರುತಿ ಮಾಡುವ ಹೊತ್ತೇ ಹೆಚ್ಚಾಗುತ್ತದೆ.

• ಮೂವತ್ತು ಸಾವಿರವನ್ನೂ ಗಿಟಾರಿಗೇ ಸುರಿಯಬೇಡ. ಇಪ್ಪತ್ತರ ಒಳಗೆ ಗಿಟಾರ್. ಯಮಹಾದವರು 1990ರಲ್ಲಿ ಶುರುಮಾಡಿದ ಪೆಸಿಫಿಕಾ ಸಾಲಿನಲ್ಲಿ, ಐಬನೀಜ್‌ನ ಜಿಯೊ ಸಾಲಿನಲ್ಲಿ, ಕೋರ್ಟ್, ಸ್ಕ್ವೈಯರ್‌ಗಳಲ್ಲಿ ಆ ಬೆಲೆಗೆ ನೋಡುವಂಥದ್ದು ಸಿಗುತ್ತದೆ. ಏಳು ಸಾವಿರದ ಆಸುಪಾಸಿನಲ್ಲಿ ಸಣ್ಣ ಆಂಪ್, ಹೆಡ್‌ಫೋನ್ ಸಿಕ್ಕಿಸುವ ತೂತು ಇರಲೇಬೇಕು (ನಿಮ್ಮಪ್ಪನ ನಿದ್ದೆ ಗೊತ್ತಲ್ಲ). ಉಳಿದದ್ದು ಕೇಬಲ್, ಬ್ಯಾಗ್, ಟ್ಯೂನರ್, ಎರಡು ಸೆಟ್ ತಂತಿ ಮತ್ತು ಸೆಟಪ್ಪಿಗೆ. ಒಳ್ಳೆಯ ಆಂಪಿಗೆ ಸಿಕ್ಕಿಸಿದ ಅಗ್ಗದ ಗಿಟಾರ್ ಚೆನ್ನಾಗಿ ಕೇಳಿಸುತ್ತದೆ. ಕೆಟ್ಟ ಆಂಪಿಗೆ ಸಿಕ್ಕಿಸಿದ ದುಬಾರಿ ಗಿಟಾರ್ ಜೇನ್ನೊಣದಂತೆ ಗುಂಯ್ಗುಡುತ್ತದೆ.

• ಆ ಗುಂಯ್ ಬಗ್ಗೆಯೂ ಹೇಳಿಬಿಡುತ್ತೇನೆ. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ನಮ್ಮ 50 ಹರ್ಟ್ಸ್ ಕರೆಂಟಿನ ಗುನುಗನ್ನೂ ಹಿಡಿದುಕೊಳ್ಳುತ್ತದೆ, ಅದು ಗಿಟಾರಿನ ದೋಷವಲ್ಲ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ ಈ ಗುನುಗನ್ನು ಹೊಡೆದುಹಾಕಿದ, ಹಂಬಕರ್ ಎನ್ನುವುದು ಅದನ್ನೇ. ನಿಮ್ಮ ಹಾಸ್ಟೆಲ್ಲಿನ ವೈರಿಂಗ್ ನೋಡಿದ್ದೇನೆ. ಬ್ರಿಡ್ಜಿನ ಹತ್ತಿರವಾದರೂ ಒಂದು ಹಂಬಕರ್ ಇರುವುದನ್ನು ತಗೋ.

• ಅರ್ತಿಂಗ್ ವಿಷಯದಲ್ಲಿ ಹುಡುಗಾಟ ಬೇಡ. ಗಿಟಾರಿನ ತಂತಿಗಳೆಲ್ಲ ಒಳಗಿನಿಂದ ಆಂಪಿನ ಅರ್ತಿಗೆ ಸೇರಿರುತ್ತವೆ. ಒಮ್ಮೆ ಗಣೇಶನ ಪೆಂಡಾಲಿನಲ್ಲಿ ಎರಡು ಪಿನ್ನಿನ ವೈರು ಎಳೆದು, ಅದರಿಂದ ಆಂಪಿಗೂ ಮೈಕ್ ಸೆಟ್ಟಿಗೂ ಕೊಟ್ಟಿದ್ದರು. ಕೋರಸ್ ಹಾಡಲು ಮೈಕಿಗೆ ತುಟಿ ತಂದೆ. ಬಿದ್ದ ಹೊಡೆತಕ್ಕೆ ಎರಡು ದಿನ ಬಾಯಿ ಜುಮ್ಮೆನ್ನುತ್ತಿತ್ತು. ನಾನು ಬದುಕಿಕೊಂಡೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರಿಸ್ಟ್ ವೇದಿಕೆಯ ಮೇಲೆ ಹೀಗೇ ಮೈಕ್ ಮುಟ್ಟಿ ತೀರಿಕೊಂಡ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಯಾವ ಕಾರಣಕ್ಕೂ ಕೀಳಬೇಡ. ಹೊರಗೆ ನುಡಿಸುವಾಗ ಕರೆಂಟ್ ಟೆಸ್ಟರ್ ಜೇಬಿನಲ್ಲಿರಲಿ. ಮೈಕಿನ ಜಾಲರಿ, ಗಿಟಾರಿನ ತಂತಿ ಎರಡಕ್ಕೂ ಮುಟ್ಟಿಸಿ ನೋಡು. ದೀಪ ಹತ್ತಿದರೆ ಗಿಟಾರ್ ಕೆಳಗಿಟ್ಟು ಎಲೆಕ್ಟ್ರಿಷಿಯನ್ನನ್ನು ಕೂಗು. ಕಾರ್ಯಕ್ರಮ ತಡವಾಗಲಿ ಬಿಡು.

• ತೀರಾ ಅಗ್ಗಕ್ಕೂ ಒಂದು ತಳ ಇದೆ. ಐದಾರು ಸಾವಿರಕ್ಕೆ ಗಿಟಾರ್, ಆಂಪ್, ಬ್ಯಾಗ್, ಬೆಲ್ಟು ಎಲ್ಲ ಒಂದೇ ಡಬ್ಬಿಯಲ್ಲಿ ಬರುವುದುಂಟು. ನನ್ನ ಕೋಣೆಗೆ ಬಂದ ಅಂಥವುಗಳಲ್ಲಿ ಬಿರಡೆ ಜಾರುವುದು, ಫ್ರೆಟ್ ಏಳುವುದು ಸಾಮಾನ್ಯ. ಕಲಿಯುವವನು ತನ್ನ ಕಿವಿಯೇ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾನೆ. 1989ರಲ್ಲಿ ನಾನೂ ಸಾಲ ಮಾಡಿ ಹೀಗೊಂದು ತಂದೆ. ಅಂಗಡಿಯ ಹೆಸರು ಬೇಡ, ಆ ಮನುಷ್ಯ ಈಗಿಲ್ಲ. ಒಂದೇ ಮಳೆಗಾಲಕ್ಕೆ ನೆಕ್ ತಿರುಚಿತು. ಸಾಲ ತೀರಿಸಿದ್ದು ಮೂರು ಮಳೆಗಾಲ.

• ಸೆಕೆಂಡ್ ಹ್ಯಾಂಡ್ ನೋಡು. ಇಂಜಿನಿಯರಿಂಗ್ ಮುಗಿಸಿ ಕೆಲಸ ಸಿಕ್ಕವರು ಮೊದಲು ಮಾರುವುದು ಗಿಟಾರನ್ನೇ. ನಿನ್ನ ಹಾಸ್ಟೆಲ್ಲಿನಲ್ಲೇ ಮೇ ತಿಂಗಳಿಗೆ ಮೂರು ನಾಲ್ಕು ಸಿಕ್ಕಾವು. ನುಡಿಸಿ ಸವೆಸಿದ್ದರೆ ತಂತಿಯ ಕೆಳಗೆ ಫ್ರೆಟ್ ಮೇಲೆ ಹಳ್ಳ ಬಿದ್ದಿರುತ್ತದೆ, ನೋಡಿಕೋ. ಬಹುತೇಕ ಬಿದ್ದಿರುವುದಿಲ್ಲ. ಮಂಚದ ಕೆಳಗೆ ಮಲಗಿದ್ದ ಗಿಟಾರ್ ಅದು. ಇಪ್ಪತ್ತೈದರದ್ದು ಹದಿನಾಲ್ಕಕ್ಕೆ ಬಂದರೆ ಲಾಭ.

• ತಂತಿ ಒಂಬತ್ತರ ಸೆಟ್ ಹಾಕು, ಬೆರಳಿಗೆ ಹಗುರ. ನುಡಿಸಿದ ಮೇಲೆ ಹಳೇ ಪಂಚೆ ತುಂಡಿನಿಂದ ಒರೆಸು. ಮಂಗಳೂರಿಗೆ ಇಂಟರ್ನ್‌ಶಿಪ್ಪಿಗೆ ಹೋದರೆ ಉಪ್ಪುಗಾಳಿಗೆ ತಂತಿ ತಿಂಗಳೊಳಗೆ ತುಕ್ಕು ಹಿಡಿದೀತು, ಬೇಸರ ಮಾಡಿಕೊಳ್ಳಬೇಡ. ಜೂನಿನಲ್ಲಿ ತೇವಕ್ಕೆ ಒಂದು ಸಲ, ಫೆಬ್ರವರಿಯ ಒಣಹವೆಗೆ ಇನ್ನೊಂದು ಸಲ ನೆಕ್ ನೋಡಿಸು.

• ದುಬಾರಿ ಗಿಟಾರನ್ನು ನಾನು ಹೀಗಳೆಯುತ್ತಿದ್ದೇನೆ ಎಂದುಕೊಳ್ಳಬೇಡ. ಒಮ್ಮೆ ಬೆಂಗಳೂರಿನ ಗೆಳೆಯರ ಅಮೆರಿಕದ ಸ್ಟ್ರ್ಯಾಟ್‌ನಲ್ಲಿ ಒಂದು ಸಂಜೆಯೆಲ್ಲ ರಾಜನ್-ನಾಗೇಂದ್ರ ಹಾಡುಗಳನ್ನು ನುಡಿಸಿದೆ. ಮೂರು ಗಂಟೆ ಶ್ರುತಿ ಕದಲಲಿಲ್ಲ. ನೆಕ್ ಅಂಗೈಯಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ನನ್ನದರ ಫ್ರೆಟ್ ತುದಿಗಳನ್ನು ಮತ್ತೆ ಉಜ್ಜಿದೆ, ಬಿರಡೆ ಬದಲಿಸಿದೆ. ಅರ್ಧ ಆಸೆ ಅಲ್ಲೇ ತೀರಿತು. ಇನ್ನರ್ಧ ಇನ್ನೂ ಇದೆ.

• ಪಿಕಪ್ ಬದಲಿಸುವ ಚಟಕ್ಕೆ ಒಂದು ವರ್ಷ ಬೀಳಬೇಡ. ಬಿರಡೆ, ಜ್ಯಾಕ್ ಕೆಟ್ಟರೆ ಮಾತ್ರ ಬದಲಿಸು.

• ಮುಂದಿನ ಭಾನುವಾರ ಬಾ, ಅಂಗಡಿಗೆ ಒಟ್ಟಿಗೆ ಹೋಗೋಣ. ಮಾತಾಡುವುದು ನೀನೇ, ನಾನು ಮೂಲೆಯಲ್ಲಿ ನಿಂತಿರುತ್ತೇನೆ. ಗಿಟಾರಿನ ಜೊತೆ ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಅಲೆನ್ ಕೀ ಕೊಡುತ್ತಾರೆ, ಡಬ್ಬಿಯ ತಳದಲ್ಲಿ ಬಿದ್ದಿರುತ್ತದೆ. ಎಲ್ಲರೂ ಅದನ್ನು ಡಬ್ಬಿಯ ಜೊತೆಗೇ ಎಸೆಯುತ್ತಾರೆ. ಎತ್ತಿಟ್ಟುಕೊಂಡು ಬಾ, ನನ್ನ ಹತ್ತಿರ ಇದ್ದದ್ದನ್ನು ನಿನ್ನ ತಮ್ಮ ಸೈಕಲ್ಲಿಗೆ ಒಯ್ದಿದ್ದಾನೆ.