ಬರಿಗಾಲಲ್ಲಿ ಆಡಿದ ನಮ್ಮ ದೇಶದ ಫುಟ್‌ಬಾಲ್ ತಂಡ

ಗೆಳೆಯರೇ, ನಾವು ಮೈದಾನದಲ್ಲಿ ಬರಿಗಾಲಲ್ಲೇ ಫುಟ್‌ಬಾಲ್ ಆಡ್ತೀವಿ ಅಲ್ವಾ? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಹೆಚ್ಚಿನವರೂ ಹಾಗೇ ಆಡಿದರು! ಎದುರಿಗೆ ಬೂಟು ಹಾಕಿದ ಫ್ರಾನ್ಸ್ ತಂಡ. ನಮ್ಮ ನಾಯಕ ಟಿ. ಆವೋ ನಾಗಾ ನಾಡಿನವರು, ಆಮೇಲೆ ಡಾಕ್ಟರಾದರು. ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್! ಎರಡು ಪೆನಾಲ್ಟಿ ಸಿಕ್ಕಿದವು. ಪೆನಾಲ್ಟಿ ಎಂದರೆ ಎದುರಿಗೆ ಗೋಲಿ ಒಬ್ಬನೇ ಇರುತ್ತಾನೆ. ಎರಡೂ ಹಾಳಾದವು. 2–1ರಿಂದ ಸೋತೆವು. ಒಂದಾದರೂ ಒಳಗೆ ಹೋಗಿದ್ದರೆ ಅಂತ ನನಗೆ ಹೊಟ್ಟೆ ಉರಿಯುತ್ತೆ.

1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು ಸೋಲಿಸಿ ಚಿನ್ನ ಗೆದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಕೈಲಿ 10–1ರ ಸೋಲು. ಅದಾದ ಮೇಲೆಯೇ ಬೂಟು ಕಡ್ಡಾಯವಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂತು.

ತರಬೇತುದಾರರು ಹೈದರಾಬಾದಿನ ಎಸ್. ಎ. ರಹೀಂ. ಮೊದಲು ಶಾಲೆಯ ಮೇಷ್ಟ್ರಾಗಿದ್ದವರು! 1962ರಲ್ಲಿ ಜಕಾರ್ತದ ಏಷ್ಯನ್ ಕೂಟಕ್ಕೆ ಹೋದಾಗ ಅವರಿಗೆ ಕ್ಯಾನ್ಸರ್ ಇತ್ತು. ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಹಿಂದೆ ನಿಂತು ತಡೆಯುವ ಅವರನ್ನು ರಹೀಂ ಮುಂದೆ ಆಡಿಸಿದರು. ಫೈನಲ್‌ನಲ್ಲಿ ಪಿ. ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದು ದಕ್ಷಿಣ ಕೊರಿಯವನ್ನು 2–1ರಿಂದ ಗೆದ್ದರು. 1963ರಲ್ಲಿ ರಹೀಂ ತೀರಿಕೊಂಡರು. ಆಮೇಲೆ ಏಷ್ಯನ್ ಕೂಟದ ಫುಟ್‌ಬಾಲ್ ಚಿನ್ನ ನಮಗೆ ಇನ್ನೂ ಬಂದಿಲ್ಲ.